ಒಂದೂಕಾಲು ಗಂಟೆಯ ದಾರಿ

ವಿಮಾನ ನೆಲ ಬಿಡುವ ಮೊದಲೇ ಲೋಲಾಕ್ಷಿ ಮಾತು ಶುರುಮಾಡಿದಳು. ಗಂಡನಿಗೆ ಹೇಳಲೇಬೇಕಾದ ಒಂದು ವಿಷಯ ಮಳೆಗಾಲದಿಂದ ಅವಳ ಹೊಟ್ಟೆಯಲ್ಲೇ ಇತ್ತು. ದೇವದಾಸನ ಕಾಲಿನ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಇನ್ನು ನಿಂತು ದುಡಿಯಬಾರದೆಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮುಂಬೈಯ ಡೊಂಬಿವಲಿ ಸ್ಟೇಷನ್ ಪಕ್ಕದ ಹೋಟೆಲನ್ನು ಅವನು ತನ್ನ ತಮ್ಮ ದಯಾನಂದನಿಗೆ ಒಪ್ಪಿಸುವಂತೆ ಮಾಡಬೇಕಿತ್ತು. ಮನೆಯಲ್ಲಿ ಆ ಮಾತೆತ್ತಿದರೆ ಸಾಕು, ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಿದ್ದ.

ಅದಕ್ಕೇ ಅವಳು ಊರಿಗೆ ಹೋಗುವ ಬಸ್ಸನ್ನು ಕಾದಿದ್ದಳು. ಮದುವೆಯಾದಂದಿನಿಂದ ಅವರ ದೊಡ್ಡ ಮಾತುಗಳೆಲ್ಲ ಆದದ್ದು ವರ್ಷಕ್ಕೊಮ್ಮೆಯ ಆ ಬಸ್ಸಿನಲ್ಲೇ. ಬೆಳಕು ಹರಿಯುವ ಮುಂಚೆ ಹೋಟೆಲಿಗೆ ಹೋಗಿ, ಎಲ್ಲರೂ ಮಲಗಿದ ಮೇಲೆ ಬರುವ ಗಂಡ ಅವಳಿಗೆ ಪೂರ್ತಿಯಾಗಿ ಸಿಗುತ್ತಿದ್ದದ್ದು ಅಲ್ಲಿ ಮಾತ್ರ. ಪುಣೆ ದಾಟುವವರೆಗೆ ನೆರೆಕರೆಯ ಸುದ್ದಿ, ಸಾತಾರದ ತನಕ ನೆಂಟರ ಮೇಲಿನ ದೂರು. ಕೊಲ್ಹಾಪುರದಲ್ಲಿ ಊಟ ಮುಗಿದು, ಬಸ್ಸಿನ ದೀಪ ಆರಿ, ಅವನು ಅವಳ ಹೆಗಲಿಗೆ ತಲೆ ಆನಿಸಿದ ಮೇಲೆ ಅಸಲು ವಿಷಯ. ಮಗಳಿಗೆ ತನ್ವಿ ಎಂದು ಹೆಸರಿಡುವುದಕ್ಕೆ, ಕೋಪರಿಯ ಬಾಡಿಗೆ ಕೋಣೆ ಬಿಟ್ಟು ಫ್ಲ್ಯಾಟ್ ಕೊಳ್ಳುವುದಕ್ಕೆ, ಮಾತುಬಿಟ್ಟಿದ್ದ ಅಣ್ಣನ ಮನೆ ಮೆಟ್ಟಿಲು ಹತ್ತುವುದಕ್ಕೆ ಅವನು ಒಪ್ಪಿದ್ದು ಬೆಳಗಾವಿಯ ಆಸುಪಾಸಿನ ಆ ಕತ್ತಲಲ್ಲೇ. ಮೈಕೈ ನೋವು, ಡೀಸೆಲ್ ವಾಸನೆ ಎಂದು ಗೊಣಗುತ್ತಿದ್ದರೂ ಆ ರಾತ್ರಿಗಳೆಂದರೆ ಅವಳಿಗೆ ಪ್ರಾಣ.

ಈ ಸಲ, ಬೇಲಾಪುರದಲ್ಲಿ ಕೆಲಸಕ್ಕೆ ಸೇರಿದ್ದ ತನ್ವಿ ಯಾರನ್ನೂ ಕೇಳದೆ ವಿಮಾನದ ಟಿಕೆಟ್ ತೆಗೆದುಬಿಟ್ಟಿದ್ದಳು. ಊರವರಿಗೆ ಒಯ್ಯುವ ಸಾಮಾನನ್ನೆಲ್ಲ ತೂಕ ಹಾಕುತ್ತಾರಂತೆ, ಕಿವಿ ನೋಯುತ್ತದಂತೆ ಎಂದೆಲ್ಲ ಲೋಲಾಕ್ಷಿ ನೆಪ ಹೇಳಿ ನೋಡಿದಳು. "ಮಮ್ಮಿ, ಸವಾ ಘಂಟೇ ಕಾ ತೋ ರಾಸ್ತಾ ಹೈ," ಎಂದು ಮಗಳು ನಕ್ಕಳು. ದಾರಿ ಬರೀ ಒಂದೂಕಾಲು ಗಂಟೆಯದು ಎಂಬುದೇ ತನ್ನ ಸಂಕಟ ಎಂದು ಮಗಳಿಗೆ ಹೇಗೆ ಹೇಳುವುದು?

ಅಭ್ಯಾಸಬಲ ನೋಡಿ, ವಿಮಾನದಲ್ಲೂ ಅವಳು ಬಸ್ಸಿನ ಕ್ರಮದಲ್ಲೇ ಹೊರಟಳು. ಕೆಳಗಿನ ಮನೆಯ ವಾರಿಜಕ್ಕನ ಸೊಸೆ, ಸೊಸೈಟಿಯ ನೀರಿನ ಜಗಳ, ಮದುವೆಗೆ ಕರೆಯದೆ ಹೋದ ಚಿಕ್ಕಪ್ಪ. ದೇವದಾಸ ಎಂದಿನಂತೆ ತಲೆದೂಗುತ್ತಿದ್ದ. ಚಿಕ್ಕಪ್ಪನ ಕಥೆಯಿಂದ ಹೇಗೋ ದಾರಿ ಮಾಡಿಕೊಂಡು, "ಮತ್ತೆ ನೋಡಿ, ನಿಮ್ಮ ತಮ್ಮ ದಯಾನಂದ..." ಎನ್ನುವಷ್ಟರಲ್ಲಿ ಚಕ್ರಗಳು ಮಂಗಳೂರಿನ ಬಜಪೆಯ ನೆಲಕ್ಕೆ ಬಡಿದವು.

ಜನ ದಡಬಡ ಎದ್ದು ಚೀಲ ಇಳಿಸತೊಡಗಿದರು. ಲೋಲಾಕ್ಷಿಗೆ ಅಳುವೇ ಬಂತು. ಊರಿನ ಮನೆ ತುಂಬ ಜನ, ಅಲ್ಲಿ ಈ ಮಾತು ಆಡುವಂತಿಲ್ಲ. ಹಿಂದಿರುಗುವ ಟಿಕೆಟ್ಟೂ ವಿಮಾನದ್ದೇ.

ದೇವದಾಸ ಮಾತ್ರ ಏಳಲಿಲ್ಲ. ಬಗ್ಗಿ, ಮೊಣಕಾಲಿನ ಕೆಳಗೆ ಮೆಲ್ಲಗೆ ನೀವಿಕೊಂಡ.

"ವಾಪಸ್ ಹೋಗುವ ಟಿಕೆಟ್ ಕ್ಯಾನ್ಸಲ್ ಮಾಡ್ಲಿಕ್ಕೆ ತನ್ವಿಗೆ ಹೇಳು. ಬಸ್ಸಿಗೇ ಹೋಗುವ," ಎಂದ.

"ಯಾಕೆ?"

"ನೀನು ಎಂತ ಹೇಳ್ಲಿಕ್ಕೆ ಹೊರಟದ್ದು ಅಂತ ನಂಗೆ ಗೊತ್ತುಂಟು ಮಾರಾಯ್ತಿ. ಹೂಂ ಅನ್ಲಿಕ್ಕೆ ನಂಗೂ ಒಂದು ರಾತ್ರಿ ಬೇಕಲ್ಲ."