ಏನ್ಸಾರು

“ಏನವ್ವ, ಏನ್ ಸಾರು?”

ಬೆಟ್ಟಮ್ಮ ಹೊಸ್ತಿಲಿಗೇ ಬಂದು ನಿಂತಿದ್ದಳು. ರೂಪ ಅರ್ಧ ಬಾಗಿಲು ತೆರೆದು, ಇನ್ನರ್ಧಕ್ಕೆ ತಾನೇ ಅಡ್ಡ ನಿಂತಳು. ಜಗಳವಾಡಿಕೊಂಡು ಹೋದ ಗಂಡ ಶಶಿಧರ ದುದ್ದದ ಅಕ್ಕನ ಮನೆ ಸೇರಿ ಇಂದಿಗೆ ಮೂರು ದಿನ. ಸುದ್ದಿ ಬೀದಿಗೆ ಬಿದ್ದರೆ ಕೊಪ್ಪದಲ್ಲಿ ತಲೆಯೆತ್ತಿ ತಿರುಗುವ ಹಾಗಿಲ್ಲ. ಬೀದಿಗೆ ಬೀಳಿಸಲು ಈ ಮುದುಕಿ ಒಬ್ಬಳು ಸಾಕು.

ದಿನಾ ಮನೆಮನೆಗೂ ಹೋಗಿ ಬೆಟ್ಟಮ್ಮ ಕೇಳುವುದು ಇದೊಂದೇ ಪ್ರಶ್ನೆ. ಕೇಳಿ ಕೇಳಿ ಅದೇ ಅವಳ ಹೆಸರಾಯಿತು. ಆಮೇಲೆ ಕಂಡವರ ಮನೆ ವಿಷಯಕ್ಕೆ ಮೂಗು ತೂರಿಸುವವರೆಲ್ಲರ ಹೆಸರೂ ಆಯಿತು. ಪಂಚಾಯ್ತಿ ಮೆಂಬರನ್ನೂ ಬಿಡದೆ ಜನ ‘ಅವನೊಬ್ಬ ಏನ್ಸಾರು’ ಅನ್ನುತ್ತಾರೆ. ಮಳವಳ್ಳಿಯಿಂದ ಮದುವೆಯಾಗಿ ಬಂದ ವಾರದಲ್ಲೇ ರೂಪಳೂ ಆ ಪದ ಕಲಿತಿದ್ದಳು.

“ಉಪ್ಸಾರು,” ಎಂದಳು ರೂಪ.

“ಕಾರ ರುಬ್ಬೋ ಮಿಕ್ಸಿ ಸದ್ದೇ ಕೇಳ್ನಿಲ್ಲ. ಕರೆಂಟು ಬೆಳಿಗ್ಗಿಂದ್ಲೂ ಅದೆ.”

“ನೆನ್ನೆ ರುಬ್ಬಿದ ಕಾರ ಇತ್ತು.”

“ನೆನ್ನೇನೂ ಕೇಳ್ನಿಲ್ಲ. ಮೊನ್ನೇನೂ ಕೇಳ್ನಿಲ್ಲ.”

ರೂಪಳಿಗೆ ಮೈಯೆಲ್ಲ ಉರಿಯಿತು. “ನಮ್ಮನೆ ಒಲೆ ಕಟ್ಕೊಂಡು ನಿಮಗೇನಾಗ್ಬೇಕು ಅಜ್ಜಿ? ಊರ ಉಸಾಬರಿ ನಿಮಗ್ಯಾಕೆ? ಇದಕ್ಕೇ ಜನ ನಿಮ್ಮನ್ನ ಏನ್ಸಾರು ಅನ್ನೋದು!”

ಅಂದಮೇಲೆ ನಾಲಿಗೆ ಕಚ್ಚಿಕೊಂಡಳು. ಹಿಂದಿನಿಂದ ಆಡಿಕೊಳ್ಳುವ ಮಾತನ್ನು ಊರಲ್ಲಿ ಯಾರೂ ಅವಳ ಮುಖದ ಮೇಲೆ ಅಂದಿರಲಿಲ್ಲ. ಬೆಟ್ಟಮ್ಮ ಮಾತ್ರ ಮಂಡಿ ಹಿಡಿದುಕೊಂಡು ನಿಧಾನವಾಗಿ ಜಗಲಿಯ ಮೇಲೆ ಕುಳಿತಳು.

“ಗೊತ್ತು ಕಣವ್ವ. ಆ ಮೂಲೆ ಮನೇಲಿ ಚಿಕ್ಕತಾಯಿ ಅಂತ ಇದ್ಲು, ನಿನ್ನಂಗೇ ಒಸಾ ಸೊಸೆ. ಆಗೆಲ್ಲಾ ಸೌದೆ ಒಲೆ. ಮೂರ್ ದಿನ ಅವ್ಳ ಮನೆ ಎಂಚಿನ್ ಸಂದೀಲಿ ಒಗೆ ಬರ್ನಿಲ್ಲ. ನಾನು ನೋಡ್ದೆ. ಗಂಡ ಎಂಡ್ತಿ ಇಸ್ಯ, ನಮಗ್ಯಾಕೆ ಬುಡು ಅಂತ ಸುಮ್ಕಾದೆ. ನಾಕನೇ ದಿನ ಬಾಗ್ಲು ಒಡುದ್ರು.”

ರೂಪಳ ಕೈ ಬಾಗಿಲಿನಿಂದ ಜಾರಿತು. ಹೊಸ್ತಿಲು ದಾಟಿ ಬಂದು ಅಜ್ಜಿಯ ಪಕ್ಕದಲ್ಲಿ ಕುಳಿತಳು. ಏನಾದರೂ ಮಾತಾಡಬೇಕಲ್ಲ ಎಂದು ಕೇಳಿದಳು:

“ಅವತ್ತು ಜನ ನಿಮ್ಮನ್ನ ಏನೂ ಅನ್ನಲಿಲ್ವ ಅಜ್ಜಿ?”

“ಯಾಕಂದಾರು? ಬೆಟ್ಟಮ್ಮ ಒಳ್ಳೆ ಎಂಗ್ಸು, ಯಾರ್ ತಂಟೆಗೂ ಓಗಲ್ಲ ಅಂತಿದ್ರು.”