ಅಪರೂಪದ ಕೋಳಿ

"ಇನ್ನೊಂದು ಸಲ ಆ ತುದೀವರೆಗೂ ಹೋಗಿ ಬಾಮ್ಮ, ಬೋರ್ಡಲ್ಲಿ ಏನು ಬರೆದಿದೆ ನೋಡು" ಎಂದರು ಸಾವಿತ್ರಿ. ಸ್ಮಿತಾ ಹೋದಳು. ಸಾವಿತ್ರಿಯ ಕಣ್ಣು ಬೋರ್ಡಿನ ಮೇಲಿರಲಿಲ್ಲ, ಹುಡುಗಿಯ ಕಾಲಿನ ಮೇಲಿತ್ತು.

ಬೆಂಚಿನ ಮೇಲಿದ್ದ ಸುಶೀಲಾಬಾಯಿಗೆ ಒಳಗೊಳಗೇ ನಗು. ಹೆಣ್ಣು ನೋಡೋ ಶಾಸ್ತ್ರ, ಕೇಸರಿಬಾತು, ಅವೆಲ್ಲ ಹಳೇ ಕಾಲದ್ದು, ಫೋಗೆಲ್‌ಪಾರ್ಕ್ ಅನ್ನೋ ಪಕ್ಷಿ ಉದ್ಯಾನದಲ್ಲಿ ಹಕ್ಕಿ ನೋಡ್ತಾ ಸುಮ್ಮನೆ ಸೇರೋಣ ಅಂತ ಫೋನಿನಲ್ಲಿ ಹೇಳಿದ್ದು ಇದೇ ಸಾವಿತ್ರಿ. ಸಾವಿತ್ರಿಯ ಮಗ ಸ್ವರೂಪನ ಜೊತೆ ಮಾತಾಡಿ ಮಾತಾಡಿ ಸ್ಮಿತಾ ಅವನನ್ನು ಮೆಚ್ಚಿಕೊಂಡಿದ್ದಳು. ಹಾಗಾಗಿ ಅಣ್ಣನ ಮಗಳಿಗೆ ಜೊತೆಯಾಗಿ ಸುಶೀಲಾಬಾಯಿ ಬಂದಿದ್ದರು. ಅವರ ಕಾಲದಲ್ಲಿ ನೋಡಲು ಬಂದವರು ನೀರು ತಾಮ್ಮ ಅಂತ ಬಾವಿಯವರೆಗೆ ನಡೆಸಿದ್ದರು, ಕುಂಟೋ ಏನೋ ಅಂತ. ಈಗ ಬಾವಿ ಹೋಗಿ ಬೋರ್ಡು ಬಂದಿದೆ, ಅಷ್ಟೆ.

ಬಲೆಯಾಚೆ ಎರಡು ಜಾತಿಯ ಕಾಡು ಟರ್ಕಿ ಕೋಳಿ. ಒಂದು ಕಂದು ಮೈಯದು, ಎದೆಯಿಂದ ಗಡ್ಡದ ಹಾಗೆ ಗರಿಗೊಂಚಲು ಇಳಿಬಿದ್ದಿದೆ. ಇನ್ನೊಂದು ಕೊಂಚ ಚಿಕ್ಕದು, ನೀಲಿ ತಲೆ, ಬಾಲದಲ್ಲಿ ನವಿಲಿನಂಥ ಕಣ್ಣು.

"ಗಡ್ಡದ್ದು ಕಾಮನ್, ಅಮೆರಿಕದ ಕಾಡಲ್ಲೆಲ್ಲ ಸಿಗುತ್ತೆ" ಎಂದರು ಸಾವಿತ್ರಿ. "ಕಣ್ಣಿಂದು ಮೆಕ್ಸಿಕೋ ಕಡೆ ಮಾತ್ರ. ರೇರ್. ನಾವು ಜರ್ಮನಿಗೆ, ಈ ಕಲೋನ್‌ಗೆ ಬಂದಾಗ ಕನ್ನಡದವರೂ ಹಂಗೇ ಇದ್ವಿ, ಬೆರಳೆಣಿಕೆ. ಈಗ ಬಿಡಿ, ಬ್ಲೂ ಕಾರ್ಡ್ ಹಿಡ್ಕೊಂಡು ಹಿಂಡು ಹಿಂಡಾಗಿ ಬರ್ತಾರೆ."

ತಿರುಗಿ ಬಂದ ಸ್ಮಿತಾಳ ಕಿವಿಗೆ ಅದು ಬಿತ್ತು. ಅವಳದೂ ಬ್ಲೂ ಕಾರ್ಡೇ, ಇಲ್ಲಿ ಕೆಲಸ ಮಾಡೋಕೆ ಕೊಡೋ ಪರವಾನಗಿ. ಅಮ್ಮನ ಪಕ್ಕ ಕೂತಿದ್ದ ಸ್ವರೂಪ ತನ್ನ ಬೂಟು ನೋಡುತ್ತಿದ್ದ.

"ತಲೆ ಮಾತ್ರ ಎರಡರದ್ದೂ ಬೋಳು, ಮೇಲೆಲ್ಲ ಗಂಟು" ಎಂದರು ಸುಶೀಲಾಬಾಯಿ.

ಸಾವಿತ್ರಿ ಕೇಳಿಸಿಕೊಳ್ಳಲಿಲ್ಲ. "ಆ ಕೊಳದ ಹತ್ರ ಏನಿದೆ, ಸ್ವಲ್ಪ ನೋಡ್ಕೊಂಡು ಬಾಮ್ಮ ಸ್ಮಿತಾ."

"ಅವಳು ಸಾಕಷ್ಟು ನಡೆದಳು. ಸ್ವರೂಪಾ, ಈ ಸಲ ನೀನು ಹೋಗಿ ಬಾಪ್ಪ. ನಿನ್ನ ನಡಿಗೇನೂ ನಾವು ನೋಡೋದು ಬೇಡವಾ?" ಎಂದರು ಸುಶೀಲಾಬಾಯಿ.

ಸ್ವರೂಪ ಅರ್ಧ ಎದ್ದ. ಅಮ್ಮನ ಮುಖ ನೋಡಿದ. ಮುಖ ಗಂಟಿಕ್ಕಿತ್ತು. ಹಾಗೇ ಕೂತ.

ಬಲೆಯಾಚೆ ಅಪರೂಪದ ಹುಂಜ ಬಾಲ ಬಿಚ್ಚಿ ಗೋಡೆಗೆ ಮುಖ ಮಾಡಿ ಮೆರೆಯುತ್ತಿತ್ತು. "ಬಾಲದ ತುಂಬ ಕಣ್ಣು," ಸುಶೀಲಾಬಾಯಿ ಗೊಣಗಿದರು, "ಒಂದಕ್ಕೂ ದೃಷ್ಟಿ ಇಲ್ಲ."

ಸ್ಮಿತಾ ಬ್ಯಾಗು ಹೆಗಲಿಗೇರಿಸಿದಳು. "ಬನ್ನಿ ಅತ್ತೆ, ಟ್ರಾಮ್ ಹಿಡಿಯೋಣ." ನಾಲ್ಕು ಹೆಜ್ಜೆ ಹಾಕಿ ತಿರುಗಿದಳು.

"ಸರಿಯಾಗಿ ನೋಡ್ಕೊಳ್ಳಿ ಆಂಟಿ. ಮತ್ತೆ ನಡೆದು ತೋರಿಸಲ್ಲ."