ಇಪ್ಪತ್ತು ನಿಮಿಷದ ತಂಗಿ

ಸೆಪ್ಟೆಂಬರ್ ಒಂದನೇ ತಾರೀಖು ಕ್ಲಿಫ್ ಊರ ಸರ್ಕಲ್ಲಿನ ಬೇಲಿಗೆ ಬೆಡ್‌ಶೀಟ್ ಕಟ್ಟುತ್ತಿದ್ದ ಹೊತ್ತಿಗೆ ಸರಿಯಾಗಿ ಅವನ ಅವಳಿ ತಂಗಿ ಐರಿಸ್‌ಳ ಮನೆಗೆ ಸಾಲದ ಕಚೇರಿಯ ಕಾಗದ ಬಂತು. ಅರವತ್ತು ತುಂಬಿದವರ ಹೆಸರನ್ನು ಹಳೇ ಬೆಡ್‌ಶೀಟಿನ ಮೇಲೆ ಬರೆದು ಸರ್ಕಲ್ಲಿನಲ್ಲಿ ಮಾನ ಹರಾಜು ಹಾಕುವುದು ಇಂಗ್ಲೆಂಡಿನ ನಮ್ಮ ಬಾರ್ನ್‌ಸ್ಲಿಯಲ್ಲಿ ನಡೆದುಬಂದದ್ದೇ. ಎಡಕ್ಕೆ 'ಕ್ಲಿಫ್ 60', ಬಲಕ್ಕೆ 'ಐರಿಸ್ 60', ಕೆಂಪು ಬಣ್ಣದಲ್ಲಿ. ಕಾಗದದಲ್ಲಿದ್ದದ್ದೂ ಅದೇ ಸುದ್ದಿ, ಬಣ್ಣ ಮಾತ್ರ ಇರಲಿಲ್ಲ. ಸೆಪ್ಟೆಂಬರ್ ಒಂದಕ್ಕೆ ಅರವತ್ತು ತುಂಬಿದವರಿಗೆ ಸ್ನಾತಕೋತ್ತರ ಓದಿಗೆ ಸರ್ಕಾರ ಸಾಲ ಕೊಡುವುದಿಲ್ಲ. ಆದ್ದರಿಂದ ತಮ್ಮ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ಐರಿಸ್ ಮೂರು ಸಲ ಓದಿದಳು. ನಾಲ್ಕನೇ ಸಲ ತನ್ನ ಹಣೆಯನ್ನು ತಾನೇ ಚಚ್ಚಿಕೊಂಡಳು. ಕ್ಲಿಫ್ ಹುಟ್ಟಿದ್ದು ಸೆಪ್ಟೆಂಬರ್ ಒಂದರ ರಾತ್ರಿ, ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ. ಅವಳು ಹುಟ್ಟಿದ್ದು ಹನ್ನೆರಡು ದಾಟಿ ಹತ್ತು ನಿಮಿಷಕ್ಕೆ, ಅಂದರೆ ಎರಡನೇ ತಾರೀಖು. ಆದರೆ ಅವರಮ್ಮ "ಎರಡೆರಡು ಕೇಕ್ ಮಾಡೋಕೆ ನನಗೇನು ಬೇಕರಿ ಇದ್ಯಾ?" ಎಂದು ಇಬ್ಬರಿಗೂ ಒಂದನೇ ತಾರೀಖೇ ಮೇಣದಬತ್ತಿ ಊದಿಸಿದ್ದಳು. ವರ್ಷಗಟ್ಟಲೆ ಊದಿದ ಅಭ್ಯಾಸ, ಅರ್ಜಿಯಲ್ಲೂ ಕೈ ತಾನಾಗಿ 'ಒಂದು' ಎಂದೇ ಬರೆದುಬಿಟ್ಟಿತ್ತು.

"ಕ್ಲಿಫ್, ಅಮ್ಮನ ಬಿಸ್ಕೆಟ್ ಡಬ್ಬ ತಗೊಂಡು ಬಾ. ನನ್ನ ಜನನಪತ್ರ ಬೇಕು, ಈಗಿಂದೀಗ್ಲೇ," ಎಂದು ಅಣ್ಣನಿಗೆ ಫೋನ್ ಮಾಡಿದಳು.

"ಯಾಕೆ, ಹುಟ್ಟಿದ್ದೀನೋ ಇಲ್ವೋ ಅಂತ ಅನುಮಾನ ಬಂತಾ?"

ಅರ್ಧ ಗಂಟೆಯಲ್ಲಿ ಅವನು ಬಂದ. ಕಂಕುಳಲ್ಲಿ ಡಬ್ಬ, ಬೆರಳ ತುಂಬ ಕೆಂಪು ಬಣ್ಣ. ಕಾಗದ ಓದಿ ಕುರ್ಚಿಯಲ್ಲಿ ಕೂತ. ಡಬ್ಬವನ್ನು ಮಾತ್ರ ತೊಡೆಯ ಮೇಲಿಂದ ಇಳಿಸಲಿಲ್ಲ.

"ಒಳ್ಳೇದೇ ಆಯ್ತು ಬಿಡೇ. ನಾನು ಮೊದಲಿಂದ ಹೇಳ್ತಾನೇ ಇದ್ದೀನಿ. ಒಂದು ಡಿಗ್ರಿ ಮುಗಿದಮೇಲೆ ಓದೋರು ತಮ್ಮ ದುಡ್ಡಲ್ಲಿ ಓದ್ಲಿ. ರಸ್ತೆ ಗುಂಡಿ ಮುಚ್ಚೋಕೆ ನಮ್ಮ ಆಫೀಸಿಗೆ ಒಂದು ಲೋಡ್ ಟಾರು ಕೊಡೋಕಾಗಲ್ಲ ಈ ಸರ್ಕಾರಕ್ಕೆ, ಅಜ್ಜಿಯಂದಿರನ್ನ ಕಾಲೇಜಿಗೆ ಕಳಿಸುತ್ತಂತೆ!"

"ಸಾಲ ಕಣೋ, ಪುಕ್ಕಟೆ ಅಲ್ಲ. ಬ್ಯಾಂಕಿಗೂ ಹೋಗಿದ್ದೆ. ಅಲ್ಲಿನ ಹುಡುಗ ನನ್ನ ನರೆಗೂದಲು ನೋಡಿ, ಒಂದು ಟೀ ಕುಡಿಸಿ ಕಳಿಸ್ದ. ಇಪ್ಪತ್ತೆರಡು ವರ್ಷ ಸ್ಕೂಲ್ ಅಡುಗೆಮನೇಲಿ ಸೌಟು ಹಿಡಿದಿದ್ದೀನಿ, ಅದರ ಜೊತೆಗೇ ಡಿಗ್ರೀನೂ ಮುಗಿಸಿದ್ದೀನಿ, ಕ್ಲಿಫ್. ಸೋಮವಾರ ಬಂತು ಅಂದ್ರೆ ಕೆಲವು ಮಕ್ಕಳು ಮೂರು ಸಲ ಬಡಿಸಿಕೊಂಡು ತಿಂತಾವೆ. ಶನಿವಾರ, ಭಾನುವಾರ ಅವುಗಳ ಮನೇಲಿ ಏನು ನಡೀತಿದೆ ಅಂತ ನನಗೆ ಗೊತ್ತು. ಆದ್ರೆ ಅಡುಗೆಯವಳು ಹೇಳಿದ್ರೆ ಯಾರು ಕೇಳ್ತಾರೆ? ಮಕ್ಕಳ ಆಹಾರದ ಬಗ್ಗೆ ಓದಿ, ಬರೆದು, ಮುಖಕ್ಕೆ ಹಿಡೀಬೇಕು."

"ಎಪ್ಪತ್ತೆಂಟನೇ ಇಸ್ವೀಲಿ ನನಗೆ ಯಾರು ಕೊಟ್ರು?"

"ನಿನಗಾ? ನೀನು ಯಾವಾಗ ಕೇಳಿದ್ದೆ?"

ಕ್ಲಿಫ್ ಡಬ್ಬದ ಮುಚ್ಚಳ ಬಿಗಿಯಾಗಿದೆಯೆಂಬಂತೆ ಅದರೊಡನೆ ಗುದ್ದಾಡಿ, ಕೊನೆಗೆ ಜನನಪತ್ರ ತೆಗೆದು ಅವಳ ಕೈಗಿಟ್ಟ. ನಮ್ಮಲ್ಲಿ ಅವಳಿಗಳಾದರೆ ಹುಟ್ಟಿದ ಹೊತ್ತನ್ನೂ ಬರೆದಿರುತ್ತಾರೆ. ಸಾಲದ ಕಚೇರಿಗೆ ಫೋನ್ ಮಾಡಿ ಐರಿಸ್ ಅದನ್ನು ಓದಿ ಹೇಳಿದಳು.

"ಎರಡನೇ ತಾರೀಖು, ರಾತ್ರಿ ಹನ್ನೆರಡು ಹತ್ತು," ಎಂದು ಆ ಕಡೆಯ ಹೆಂಗಸು ನಿಧಾನವಾಗಿ ಗುರುತು ಹಾಕಿಕೊಂಡಳು. "ಹಾಗಾದ್ರೆ ನಿಮಗೆ ಇವತ್ತಿನ್ನೂ ಐವತ್ತೊಂಬತ್ತೇ ಅಲ್ವಾ, ತಾಯಿ! ಅಸಲು ಪತ್ರ ಕಳಿಸಿಬಿಡಿ. ತಾರೀಖು ತಿದ್ದಿದ್ರೆ ಆಯ್ತು, ಸಾಲ ನಿಮ್ಮದೇ."

ಐರಿಸ್ ಕಿರುಚಿದ್ದು ಮೂರು ಮನೆಯಾಚೆಗೂ ಕೇಳಿಸಿತು. ಅಣ್ಣನನ್ನು ಕುರ್ಚಿಯಿಂದ ಎಳೆದು ಅಡುಗೆಮನೆಯಲ್ಲೆಲ್ಲ ಕುಣಿಸಿದಳು. ಡಬ್ಬ ಉರುಳಿ ಅಮ್ಮನ ಕಾಗದಪತ್ರಗಳೆಲ್ಲ ನೆಲದ ಪಾಲಾದವು.

"ಥೂ ನಿನ್ನ! 'ಲೇಟಾಗಿ ಬಂದೋಳು, ಲೇಟಾಗಿ ಬಂದೋಳು' ಅಂತ ಜನ್ಮವೆಲ್ಲ ನಿನ್ನನ್ನ ಆಡಿಕೊಂಡೆ," ಎಂದು ಕ್ಲಿಫ್ ಏದುಸಿರು ಬಿಟ್ಟ. "ಆ ಇಪ್ಪತ್ತು ನಿಮಿಷ ಒಳಗೆ ಕೂತು ಏನೇ ಮಾಡ್ತಿದ್ದೆ?"

"ಅರ್ಜಿ ತುಂಬ್ತಿದ್ದೆ!"

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ಇಳಿದ ಮೇಲೆ ಐರಿಸ್ ಕಾಗದಗಳನ್ನು ಆಯುತ್ತ ಕೇಳಿದಳು: "ನಿಜ ಹೇಳು. ನೀನೇ ಲೇಟಾಗಿ ಬಂದು, ಈ ಸಾಲ ನಿನಗೆ ಸಿಕ್ಕಿದ್ರೆ, ಏನು ಓದ್ತಿದ್ದೆ?"

ಕ್ಲಿಫ್ ಹೆಬ್ಬೆರಳಿನ ಬಣ್ಣವನ್ನು ಉಜ್ಜತೊಡಗಿದ. "ಸೇತುವೆ," ಎಂದ. "ಸೇತುವೆ ಕಟ್ಟೋದು. ಡಿಗ್ರಿ ಮುಗಿಸಿದಾಗ ಸೀಟೂ ಸಿಕ್ಕಿತ್ತು. ದುಡ್ಡೆಲ್ಲಿತ್ತು? ಗುಂಡಿ ಮುಚ್ಚೋ ಆಫೀಸಿಗೆ ಸೇರಿಕೊಂಡೆ."

ಇಷ್ಟು ವರ್ಷದಲ್ಲಿ ಇದನ್ನು ಅವಳು ಕೇಳಿದ್ದು ಇದೇ ಮೊದಲು. ಏನಾದರೂ ಹೇಳುವ ಮೊದಲೇ ಅವನು ಎದ್ದು ಮೇಜಿನ ಮೇಲಿನ ಕತ್ತರಿ ಎತ್ತಿಕೊಂಡ. "ಪತ್ರ ಪೋಸ್ಟ್ ಮಾಡಿ ಬಾ, ಹೋಗು. ನಾನು ಆ ಬೆಡ್‌ಶೀಟ್ ಕತ್ತರಿಸ್ಬೇಕು. ನಿನ್ನರ್ಧ ನಾಳೆಗೆ. ಮತ್ತೆ ಕೇಕೂ ಎರಡಾಗ್ಬೇಕು, ಇನ್ಮೇಲೆ ನಂದು ನನಗೆ!"

ಮರುದಿನ ಬೆಳಿಗ್ಗೆ ಐರಿಸ್ ಕೂತಿದ್ದ ಬಸ್ಸು ಸರ್ಕಲ್ಲಿಗೆ ಬಂದಾಗ ಲಾರಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಬೇಲಿಯ ಮೇಲೆ ಅವಳ ಅರ್ಧ ಒಂದೇ ಪಟಪಟ ಹೊಡೆದುಕೊಳ್ಳುತ್ತಿತ್ತು. 'ಐರಿಸ್ 60' ಎಂಬುದರ ಕೆಳಗೆ ಹೊಸದಾಗಿ ಬರೆದಿತ್ತು: 'ಇವತ್ತು. ನಿನ್ನೆ ಅಲ್ಲ. ಸಾಕ್ಷಿ ಇದೆ!' ಐರಿಸ್ ಕಿಟಕಿಗೆ ಮುಖವೊತ್ತಿ ನಕ್ಕಳು. ಬಸ್ಸು ಸುತ್ತು ಹಾಕಿ ತಿರುಗುವಾಗ ಬೆಡ್‌ಶೀಟಿನ ಕೆಳಮೂಲೆ ಕಂಡಿತು. ಅಲ್ಲಿ ಯಾರೂ ಕೇಳದಿದ್ದರೂ ಬರೆದ ಪುಟ್ಟದೊಂದು ಸೇತುವೆ ಇತ್ತು. ಕ್ಲಿಫ್ ಅದಕ್ಕೆ ಅಳತೆಗಳನ್ನೂ ಹಾಕಿದ್ದ.